ದನಿ ಇಲ್ಲದ ನಲವತ್ತು ನಿಮಿಷ

"ಏನ್ರೀ, ನಿಮ್ಮ ಸಿನಿಮಾ ಎಲ್ಲಿಗೆ ಬಂತು?" ಭಾನುವಾರ ಎದುರಾದಾಗಲೆಲ್ಲ ನಮ್ಮನ್ನು ಹೀಗೆ ಕೇಳಿದ ಹಿರಿಯರು, ಅಕ್ಕಂದಿರು, ಗೆಳೆಯರು ಅನೇಕರಿದ್ದಾರೆ. "ನಡೀಲಿಕತ್ತದ" ಎಂದು ಹೇಳಿ ನಾವು ಮೆಲ್ಲನೆ ಜಾರಿಕೊಳ್ಳುತ್ತಿದ್ದೆವು. ಈಗ ಜಾರಿಕೊಳ್ಳುವ ಅಗತ್ಯವಿಲ್ಲ. ಕೆಲಸ ಮುಗಿದಿದೆ. ನಿಜ ಹೇಳಬೇಕೆಂದರೆ ಅದು ಸಿನಿಮಾ ಅಲ್ಲ. ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿ ನಾವು ನಾಲ್ವರು, ಇಬ್ಬರು ಹುಡುಗರು ಮತ್ತು ಇಬ್ಬರು ಹುಡುಗಿಯರು, ಸೇರಿ ಮಾಡಿದ 22 ನಿಮಿಷದ ಒಂದು ಸಾಕ್ಷ್ಯಚಿತ್ರ. ಅಂಕ ಎಷ್ಟು ಬಂತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಪಾಸಾಗಿದ್ದೇವೆ. ಆದರೆ ಆ ಕೆಲಸ ನಮಗೆ ಕಲಿಸಿದ ಪಾಠ ಅಂಕಪಟ್ಟಿಯಲ್ಲಿ ಎಲ್ಲಿಯೂ ಬರೆದಿಲ್ಲ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಕಲಬುರಗಿಯಲ್ಲಿ ಓದುವ ನಮಗೆ ಸೊಲ್ಲಾಪುರ ದೂರದ ಊರಲ್ಲ. ರೈಲು ಹತ್ತಿದರೆ ಎರಡು ಗಂಟೆಯ ದಾರಿ. ನಮ್ಮಲ್ಲೊಬ್ಬಳ ಚಿಕ್ಕಮ್ಮನ ಮನೆ ಅಲ್ಲಿದೆ. ಮದುವೆ ಮುಂಜಿಗೆ ಚಾದರ ತರಲು ನಮ್ಮ ಕಡೆಯವರು ಹೋಗುವುದು ಅಲ್ಲಿಗೇ. ಹಾಗಾಗಿ ಯೋಜನೆಗೆ ವಿಷಯ ಆರಿಸಿ ಎಂದು ಕಾಲೇಜಿನಲ್ಲಿ ಹೇಳಿದಾಗ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡಿಗರ ಬಗ್ಗೆ ಮಾಡೋಣ ಎಂದು ನಿರ್ಧರಿಸಿದೆವು. ಹೆಸರೂ ಕೂಡಲೇ ಹೊಳೆಯಿತು: "ಗಡಿಯಾಚೆಯ ಕಣ್ಣೀರು".

ಈಗ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಊರಿಗೆ ಕಾಲಿಡುವ ಮೊದಲೇ, ಹಾಸ್ಟೆಲಿನ ಕೋಣೆಯಲ್ಲಿ ಕುಳಿತು, ಒಂದೇ ರಾತ್ರಿಯಲ್ಲಿ ಪೂರ್ತಿ ಚಿತ್ರಕಥೆ ಬರೆದುಬಿಟ್ಟೆವು. ಮೊದಲ ದೃಶ್ಯ, ಮುದುಕಿಯೊಬ್ಬಳ ಒದ್ದೆ ಕಣ್ಣು. ಕೊನೆಯ ದೃಶ್ಯ, ಬೀಗ ಹಾಕಿದ ಕನ್ನಡ ಶಾಲೆ. ನಡುವೆ ಕನ್ನಡ ಸಾಯುತ್ತಿದೆ ಎಂದು ಹೇಳುವ ಗಂಭೀರ ದನಿ. ಇನ್ನು ಬೇಕಾದದ್ದು ಇಷ್ಟೇ, ಅಳುವ ಒಬ್ಬ ಮುದುಕಿ ಮತ್ತು ಬೀಗ ಬಿದ್ದ ಒಂದು ಶಾಲೆ!

ಓದಿ ತಿಳಿದದ್ದು

ಓದಬೇಕಾದ್ದನ್ನು ಮಾತ್ರ ಓದಿಕೊಂಡೇ ಹೋಗಿದ್ದೆವು. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. 12ನೆಯ ಶತಮಾನದ ವಚನಕಾರ ಸಿದ್ಧರಾಮ ಅಲ್ಲಿಯವನು. ಊರ ನಡುವಿನ ದೊಡ್ಡ ಕೆರೆಯ ಹೆಸರು ಅವನೊಂದಿಗೇ ಸೇರಿಕೊಂಡಿದೆ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಸೊಲ್ಲಾಪುರದಲ್ಲಿ. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವೇರಿದ ಮೊದಲ ಮಹಿಳೆ ಎನಿಸಿಕೊಂಡ ಜಯದೇವಿತಾಯಿ ಲಿಗಾಡೆಯವರೂ ಸೊಲ್ಲಾಪುರದವರೇ.

1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ರಚನೆಯಾದಾಗ ಸೊಲ್ಲಾಪುರ ಜಿಲ್ಲೆ ಅಂದಿನ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆಯ ಕಡೆಯ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಗಡಿಯ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಇವೆಲ್ಲ ನಮ್ಮ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಇದ್ದವು. ಆದರೆ ನೋಟ್‌ಬುಕ್ಕಿನಲ್ಲಿ ಊರಿನ ಜನ ಇರಲಿಲ್ಲ.

ಮುತ್ಯಾನ ಮನೆಯಲ್ಲಿ

ಸೊಲ್ಲಾಪುರ ಗಿರಣಿಗಳ ಊರಾಗಿತ್ತು. 1870ರ ದಶಕದಲ್ಲಿ ಹತ್ತಿ ಗಿರಣಿ ಅಲ್ಲಿಗೆ ಬಂತು. ಜನರ ಬಾಯಲ್ಲಿ ಅದು "ಜೂನಿ ಮಿಲ್", ಅಂದರೆ ಹಳೇ ಗಿರಣಿ. ಆಮೇಲೆ ಬೇರೆ ಗಿರಣಿಗಳೂ ಬಂದವು. ಸುತ್ತಲ ಹಳ್ಳಿಗಳಿಂದ ಮರಾಠಿ ಮಾತಾಡುವವರು, ಕನ್ನಡ ಮಾತಾಡುವವರು, ತೆಲುಗು ನಾಡಿನಿಂದ ಪದ್ಮಸಾಲಿ ನೇಕಾರರು, ಉರ್ದು ಮಾತಾಡುವವರು, ಎಲ್ಲರೂ ಬಂದು ಒಂದೇ ಊರಿನವರಾದರು. ಈಗ ಆ ದೊಡ್ಡ ಗಿರಣಿಗಳು ಮುಚ್ಚಿಹೋಗಿವೆ. ಚಾದರ, ಟವೆಲ್ಲುಗಳ ಪವರ್‌ಲೂಮುಗಳು ಮಾತ್ರ ಗಲ್ಲಿಗಲ್ಲಿಗಳಲ್ಲಿ ಸದ್ದು ಮಾಡುತ್ತವೆ.

ಅಂಥ ಒಂದು ದೊಡ್ಡ ಗಿರಣಿಯ ಮಗ್ಗದ ಖಾತೆಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಚಿಕ್ಕಮ್ಮನ ಮನೆಯ ಹಿಂದಿನ ಚಾಳದಲ್ಲಿ ಇದ್ದರು. ವಯಸ್ಸು ಎಂಬತ್ತು ದಾಟಿದೆ. ಬಿಳಿ ಧೋತರ, ತಲೆಗೆ ಗಾಂಧಿ ಟೋಪಿ. ಹುಟ್ಟಿದ್ದು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಕರೆದದ್ದು ಮುತ್ಯಾ ಎಂದೇ.

ಜನವರಿ ತಿಂಗಳು. ಗಡ್ಡಾ ಜಾತ್ರೆ ಆಗಷ್ಟೇ ಮುಗಿದಿತ್ತು. ಬೆಳಿಗ್ಗೆ ಹೋದ ನಮಗೆ ಮುತ್ಯಾನ ಸೊಸೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ಛಾ ಕುಡಿಸಿ, ಆಮೇಲೆಯೇ ಕ್ಯಾಮೆರಾ ತೆಗೆಯಲು ಬಿಟ್ಟರು. ಬಾಗಿಲ ಬಳಿ ಬೆಳಕು ಚೆನ್ನಾಗಿತ್ತು. ಮುತ್ಯಾನ ಅಂಗಿಗೆ ಕಾಲರ್ ಮೈಕ್ ಸಿಕ್ಕಿಸಿದೆವು. "ಇದು ಏನ್ ತಮ್ಮಾ, ಜಿರಳಿ ಇದ್ದಂಗ ಅದ!" ಎಂದು ಅವರು ನಕ್ಕರು.

ಮುತ್ಯಾ 40 ನಿಮಿಷ ಮಾತಾಡಿದರು. ನಸುಕಿನಲ್ಲಿ ಗಿರಣಿಯ ಭೋಂಗಾ ಕೂಗುತ್ತಿದ್ದುದು, ಊರೆಲ್ಲ ಅದರ ಲೆಕ್ಕದಲ್ಲೇ ಏಳುತ್ತಿದ್ದುದು, ಮೊದಲ ಪಗಾರದಲ್ಲಿ ಅವ್ವನಿಗೆ ಸೀರೆ ತಂದದ್ದು, ಗಿರಣಿ ಮುಚ್ಚಿದ ಮೇಲೂ ಆರು ತಿಂಗಳು ನಸುಕಿನಲ್ಲೇ ಎದ್ದು ಕೂಡುತ್ತಿದ್ದುದು. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಬ್ರಿಟಿಷರು ಮಾರ್ಷಲ್ ಲಾ ಹೇರಿದ ಕಥೆಯನ್ನು ಅವರ ಅಪ್ಪ ಹೇಳುತ್ತಿದ್ದರಂತೆ. 1931ರ ಜನವರಿ 12ರಂದು ಗಲ್ಲಿಗೇರಿದ ನಾಲ್ವರ ಹೆಸರನ್ನು ಮುತ್ಯಾ ಬೆರಳು ಮಡಚಿ ಹೇಳಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಶನ್ ಸಾರಡಾ, ಜಗನ್ನಾಥ ಶಿಂದೆ. "ನಾಕೂ ಹೆಸರು ಕೇಳ್ರಿ. ಸೊಲ್ಲಾಪುರ ಅಂದ್ರ ಇದು" ಎಂದರು.

ಕೊನೆಯಲ್ಲಿ, ನಾವು ಕೇಳದೆಯೇ, ತಮ್ಮ ಮನೆಯ ಒಳಗಿನ ಒಂದು ಸಂಗತಿ ಹೇಳಿದರು. ಹೇಳುತ್ತ ಅವರ ಗಂಟಲು ಕಟ್ಟಿತು. ಕಣ್ಣು ಒದ್ದೆಯಾಯಿತು. ಕ್ಯಾಮೆರಾದ ಹಿಂದೆ ನಿಂತಿದ್ದ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ನಮಗೆ ಬೇಕಾದ ಕಣ್ಣೀರು ಸಿಕ್ಕಿತ್ತು. ಆ ಕ್ಷಣದಲ್ಲಿ ನಮಗಾದದ್ದು ದುಃಖವಲ್ಲ, ಸಂತೋಷ. ಇದನ್ನು ಬರೆಯುವಾಗಲೂ ತಲೆ ತಗ್ಗುತ್ತದೆ. ಆದರೂ ಸತ್ಯ ಸತ್ಯವೇ.

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆವು. ಚಿತ್ರ ಬಂತು. ಬೆಳಕು ಸೊಗಸಾಗಿತ್ತು. ಮುತ್ಯಾನ ತುಟಿ ಅಲುಗುತ್ತಿತ್ತು. ದನಿ ಮಾತ್ರ ಇರಲಿಲ್ಲ. ವಾಲ್ಯೂಮ್ ಹೆಚ್ಚಿಸಿದೆವು. ಇಯರ್‌ಫೋನ್ ಬದಲಿಸಿದೆವು. ಬೇರೆ ಕಂಪ್ಯೂಟರಿಗೆ ಹಾಕಿದೆವು. ಏನೂ ಇಲ್ಲ. ಮೈಕಿನ ಪಿನ್ನು ಕ್ಯಾಮೆರಾದಲ್ಲಿ ಪೂರ್ತಿ ಕೂತಿರಲಿಲ್ಲ. ಪಿನ್ನು ಅರ್ಧ ಒಳಗೆ ಹೋದರೆ ಕ್ಯಾಮೆರಾ ತನ್ನ ಸ್ವಂತ ಮೈಕನ್ನು ಬಂದ್ ಮಾಡುತ್ತದೆ, ಹೊರಗಿನ ಮೈಕಿನ ದನಿಯೂ ಅದಕ್ಕೆ ಮುಟ್ಟುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು. ಛಾ ಕುಡಿಯುವಾಗ ತೆಗೆದಿಟ್ಟ ಹೆಡ್‌ಫೋನನ್ನು ಮತ್ತೆ ಹಾಕಿಕೊಂಡಿರಲಿಲ್ಲ. ಯಾರು ಹಾಕಿಕೊಳ್ಳಬೇಕಿತ್ತು ಎಂದು ಬರೆಯುವುದಿಲ್ಲ. ಆ ರಾತ್ರಿ ಅದರ ಬಗ್ಗೆ ಸಾಕಷ್ಟು ಜಗಳವಾಡಿದ್ದೇವೆ. ತಪ್ಪು ನಾಲ್ವರದೂ.

ಅಕ್ಕಲಕೋಟೆಯ ಹುಡುಗಿ

ಮರುದಿನ ಮುತ್ಯಾನ ಮುಖ ನೋಡುವ ಧೈರ್ಯ ನಮಗಿರಲಿಲ್ಲ. ಹೇಗೂ ಮೊದಲೇ ಗೊತ್ತಾಗಿದ್ದಂತೆ ಅಕ್ಕಲಕೋಟೆಗೆ ಹೊರಟೆವು. ಅಕ್ಕಲಕೋಟೆ ರೋಡ್ ಎಂಬ ರೈಲು ನಿಲ್ದಾಣವೇನೋ ಇದೆ, ಆದರೆ ಅದು ಊರಿನಿಂದ ದೂರ. ಎಸ್.ಟಿ. ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರ್. ದಾರಿಯ ಎರಡೂ ಕಡೆ ಜೋಳದ ಹೊಲ.

ಅಕ್ಕಲಕೋಟೆ ಒಂದು ಕಾಲದಲ್ಲಿ ಭೋಸಲೆ ಮನೆತನದ ಪುಟ್ಟ ಸಂಸ್ಥಾನ. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ಸ್ಥಾನಕ್ಕೆ ಮಹಾರಾಷ್ಟ್ರದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಂಗಡಿಗಳ ಬೋರ್ಡುಗಳೆಲ್ಲ ಮರಾಠಿ. ಬಂದವರೊಂದಿಗೆ ಅಂಗಡಿಯವರು ಮಾತಾಡುವುದೂ ಮರಾಠಿ. ಅದೇ ಅಂಗಡಿಯವರು ಒಳಗೆ ತಿರುಗಿ ಹೆಂಡತಿಯನ್ನು "ಚಿಲ್ಲರ ಅದಾವೇನ?" ಎಂದು ಕೇಳಿದಾಗ ನಾವು ದಂಗಾದೆವು. ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮೂರು ಕಡೆ ಹೀಗೇ ಕೇಳಿಸಿತು. ಬೋರ್ಡು ನೋಡಿ ಊರು ಅಳೆಯುವುದು ಎಷ್ಟು ತಪ್ಪು!

ಅಲ್ಲಿಂದ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಗೆ ಹೋದೆವು. ಬೀಗ ಬಿದ್ದಿರಲಿಲ್ಲ! ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದರು. ಗುರುಗಳು ನಮಗೆ ಪಠ್ಯಪುಸ್ತಕಗಳನ್ನು ತೋರಿಸಿದರು. ಪುಣೆಯ ಬಾಲಭಾರತಿ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತಾ ಬಂದಿದೆ. ಅಂದರೆ ಈ ಮಕ್ಕಳು ಮಹಾರಾಷ್ಟ್ರದ ಇತಿಹಾಸ, ಭೂಗೋಳವನ್ನು ಓದುವುದು ಕನ್ನಡದಲ್ಲಿ. ನಮ್ಮ ಚಿತ್ರಕಥೆಯಲ್ಲಿ ಇದಕ್ಕೆ ಎಲ್ಲೂ ಜಾಗವಿರಲಿಲ್ಲ.

ಹಾಗೆಂದು ಕಷ್ಟಗಳೇ ಇಲ್ಲವೆಂದಲ್ಲ. ಗುರುಗಳು ಬಿಚ್ಚಿ ಹೇಳಿದರು. ಶಾಲೆಯ ಆಚೆ ಕನ್ನಡದಲ್ಲಿ ಮುಂದೆ ಓದಬೇಕೆಂದರೆ ಹಾದಿ ಕಡಿಮೆ. ನೌಕರಿಯ ಪರೀಕ್ಷೆಗೆ ಮರಾಠಿ ಬೇಕು. ಕರ್ನಾಟಕಕ್ಕೆ ಬಂದರೆ "ನೀವು ಮಹಾರಾಷ್ಟ್ರದವರು" ಎನ್ನುವ ಮಾತು ಕೇಳಬೇಕು. ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹಳ್ಳಿಗೂ ಬಂದಿದೆ, ವರ್ಷವರ್ಷಕ್ಕೆ ಕೆಲವು ಮಕ್ಕಳು ಅದನ್ನು ಹತ್ತುತ್ತಾರೆ. "ಭಾಷಾ ಸಾಯೂದಿಲ್ರೀ. ಆದ್ರ ಸಾಲಿ ಉಳೀಬೇಕಂದ್ರ ಹುಡುಗೂರು ಬೇಕಲ್ಲ" ಎಂದು ಅವರು ಹೇಳಿದ ಮಾತು ನಮ್ಮ ಚಿತ್ರದಲ್ಲಿದೆ. ಈ ಸಲ ಪಿನ್ನನ್ನು ಮೂರು ಸಲ ಒತ್ತಿ ನೋಡಿದ್ದೆವು.

ಮಧ್ಯಾಹ್ನದ ಊಟದ ಹೊತ್ತು. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ನಮ್ಮ ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದಳು. ನಮ್ಮಲ್ಲೊಬ್ಬರು ಕೇಳಿದೆವು:

"ನೀನು ಕನ್ನಡದಕಿನೋ, ಮರಾಠಿದಕಿನೋ?"

ಅವಳು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದಳು. ಪ್ರಶ್ನೆಯೇ ತಪ್ಪು ಎನ್ನುವ ಹಾಗೆ.

"ಮನ್ಯಾಗ ಕನ್ನಡ, ಬಜಾರದಾಗ ಮರಾಠಿ. ಯಾಕ್ರೀ ಅಕ್ಕಾರ, ಎರಡೂ ಇರಬಾರದೇನು?"

ಕೇಳಿದ್ದು ಅಷ್ಟೇ. ಕೇಳಿ ಆಟಕ್ಕೆ ಓಡಿಹೋದಳು. ಬಸ್ಸಿನಲ್ಲಿ ಹಿಂದಿರುಗುವಾಗ ನಾವು ನಾಲ್ವರೂ ಮಾತಾಡಲಿಲ್ಲ. "ಗಡಿಯಾಚೆಯ ಕಣ್ಣೀರು" ಎಂದು ಬರೆದುಕೊಂಡಿದ್ದ ಆ ಹದಿನಾಲ್ಕು ಪುಟಗಳು ಚೀಲದಲ್ಲಿದ್ದವು. ಯಾರ ಕಣ್ಣೀರು ಅದು? ಅವರದೋ, ಅಥವಾ ನಾವು ಅವರ ಮುಖಕ್ಕೆ ಹಚ್ಚಲು ಹೊರಟದ್ದೋ? ಊರಿಗೆ ಮುಟ್ಟುವ ಮೊದಲೇ ಆ ಪುಟಗಳನ್ನು ಬಿಡುವುದೆಂದು ತೀರ್ಮಾನವಾಗಿತ್ತು.

ತುಟಿ ಓದಿದವರು

ಮೂರನೆಯ ದಿನ ಬೆಳಿಗ್ಗೆ ಮುತ್ಯಾನ ಮುಂದೆ ಹೋಗಿ ನಿಂತೆವು. ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ಕೊನೆಗೆ ಹೇಗೋ ಹೇಳಿದೆವು. "ಮುತ್ಯಾ, ನೀವು ಹೇಳಿದ್ದು ಒಂದೂ ರೆಕಾರ್ಡ್ ಆಗಿಲ್ಲ. ನಮ್ಮ ತಪ್ಪು. ದಯಮಾಡಿ ಇನ್ನೊಂದು ಸಲ ಹೇಳ್ತೀರೇನು?"

ಅವರು ಬೈಯಲಿಲ್ಲ. "ಚಿತ್ರ ಬಂದದೇನು?" ಎಂದು ಕೇಳಿದರು.

"ಚಿತ್ರ ಬಂದದ. ದನಿ ಇಲ್ಲ."

"ತೋರಸ್ರಿ."

ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆವು. ತಮ್ಮನ್ನೇ ತಾವು ನೋಡುತ್ತ ಮುತ್ಯಾ ಒಂದೆರಡು ನಿಮಿಷ ಸುಮ್ಮನೆ ಕುಳಿತರು. ಆಮೇಲೆ ಜೋರಾಗಿ ನಗತೊಡಗಿದರು. ಸೊಸೆಯನ್ನು ಕೂಗಿ, ಆಚೆ ಗಲ್ಲಿಯಿಂದ ತಮ್ಮ ಗೆಳೆಯರೊಬ್ಬರನ್ನು ಕರೆಸಿದರು. ಅವರೂ ಅದೇ ಗಿರಣಿಯವರು, ಮುತ್ಯಾನ ಪಕ್ಕದ ಮಗ್ಗದವರು. ಮನೆಮಾತು ತೆಲುಗು. ನಾವು ಅವರನ್ನು ಕಾಕಾ ಎಂದೆವು.

"ಮಗ್ಗದ ಖಾತೇದಾಗ ನೂರಾರು ಮಗ್ಗ ಒಮ್ಮೆಲೆ ಹೊಡೀತಿದ್ವು" ಎಂದು ಮುತ್ಯಾ ವಿವರಿಸಿದರು. "ಬಾಜೂಕ ನಿಂತವ ಒದರಿದ್ರೂ ಕೇಳತಿದ್ದಿಲ್ಲ. ತುಟಿ ನೋಡಿ, ಕೈ ನೋಡಿ ತಿಳಕೋತಿದ್ವಿ. ಮೂವತ್ತು ವರ್ಸ ನಾವಿಬ್ಬರೂ ಹಂಗೇ ಮಾತಾಡೀವಿ. ಇವನಿಗೆ ನನ್ನ ಕನ್ನಡ ಕಿವಿಗಿಂತ ಕಣ್ಣಿಗೇ ಜಾಸ್ತಿ ಗೊತ್ತು."

ಆಮೇಲೆ ನಡೆದದ್ದನ್ನು ನಾವು ಬದುಕಿರುವವರೆಗೆ ಮರೆಯಲಾರೆವು. ಇಬ್ಬರು ಮುದುಕರು ಲ್ಯಾಪ್‌ಟಾಪಿನ ಮುಂದೆ ಚಾಪೆಯ ಮೇಲೆ ಕುಳಿತರು. ಪರದೆಯ ಮೇಲೆ ಮುತ್ಯಾ ದನಿಯಿಲ್ಲದೆ ಮಾತಾಡುತ್ತಿದ್ದಾರೆ. ಇಲ್ಲಿ ಕಾಕಾ ಆ ತುಟಿಯನ್ನು ನೋಡುತ್ತ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, ಅದನ್ನು ಓದಿ ಹೇಳುತ್ತಿದ್ದಾರೆ. ಅವರು ತಪ್ಪಿದಲ್ಲಿ ಮುತ್ಯಾ ತಿದ್ದುತ್ತಾರೆ. ಮುತ್ಯಾಗೇ ನೆನಪಾಗದ್ದನ್ನು ಕಾಕಾ ಹಿಡಿಯುತ್ತಾರೆ. ಎಲ್ಲ ಮಾತೂ ಸಿಗಲಿಲ್ಲ. ಮುಖ ಆಚೆ ತಿರುಗಿದಾಗ, ಕೈ ಬಾಯಿಗೆ ಅಡ್ಡ ಬಂದಾಗ ಇಬ್ಬರೂ ಸೋಲುತ್ತಿದ್ದರು. ಸೋತಾಗ ನಗುತ್ತಿದ್ದರು. ಸೀರೆಯ ಮಾತು ಬಂದಾಗ ಕಾಕಾ, "ಎಂಟು ರೂಪಾಯಿ ನನ್ನ ಹಂತೇಲಿ ಸಾಲ ತಗೊಂಡಿದ್ದ, ಅದನ್ನ ಹೇಳೇ ಇಲ್ಲ ನೋಡು!" ಎಂದು ದೂರಿದರು. ನಾವು ಇದೆಲ್ಲವನ್ನೂ ಚಿತ್ರೀಕರಿಸಿದೆವು. ಈ ಸಲ ಹೆಡ್‌ಫೋನ್ ಕಿವಿಯ ಮೇಲೇ ಇತ್ತು.

ಕೊನೆಗೆ ಆ ಜಾಗ ಬಂತು. ಪರದೆಯ ಮೇಲೆ ಮುತ್ಯಾನ ಕಣ್ಣು ಒದ್ದೆಯಾಗುವ ಜಾಗ. ಕಾಕಾ ಎರಡು ಶಬ್ದ ಓದಿದರು. ನಿಲ್ಲಿಸಿದರು. ಗೆಳೆಯನ ಮುಖ ನೋಡಿದರು. ಮುತ್ಯಾ ಬಾಯಿ ತೆರೆಯಲಿಲ್ಲ, ತಲೆಯನ್ನು ಸ್ವಲ್ಪವೇ ಅಲುಗಿಸಿದರು. ಕಾಕಾ ಪರದೆಯತ್ತ ನೋಡುತ್ತಲೇ ಇದ್ದರು. ಅವರಿಗೆ ಎಲ್ಲ ತಿಳಿಯುತ್ತಿತ್ತು. ಆದರೆ ಮುಂದೆ ಒಂದು ಶಬ್ದವನ್ನೂ ಹೇಳಲಿಲ್ಲ. ಚಿತ್ರ ಮುಗಿಯುವವರೆಗೆ ಇಬ್ಬರೂ ಸುಮ್ಮನೆ ಕುಳಿತಿದ್ದರು.

"ಅಷ್ಟು ಇರಲಿ ತಮ್ಮಾ" ಎಂದರು ಮುತ್ಯಾ. "ಅವತ್ತ ಬಾಯಿಗೆ ಬಂತು, ಹೇಳಿದೆ. ಅದು ಮಂದಿಗೆ ಹೇಳೂದಲ್ಲ."

ಹೇಳಬೇಕೋ ಬಿಡಬೇಕೋ

ಪ್ರಿಯ ಓದುಗರೇ, ಇಲ್ಲಿ ನಮ್ಮ ನಿಜವಾದ ಪರೀಕ್ಷೆ ಶುರುವಾಯಿತು. ದನಿ ಇಲ್ಲದಿದ್ದರೂ ಅವರು ಹೇಳಿದ ಮಾತನ್ನು ನಾವು ಎದುರಿಗೇ ನಿಂತು ಕೇಳಿದ್ದೆವು. ನಾಲ್ವರಿಗೂ ಅದು ಅಕ್ಷರಶಃ ನೆನಪಿದೆ. ಕಲಬುರಗಿಗೆ ಬಂದು ಎಡಿಟಿಂಗ್ ಮಾಡುವಾಗ ಆ ಒದ್ದೆ ಕಣ್ಣಿನ ದೃಶ್ಯ ಮತ್ತೆ ಮತ್ತೆ ನಮ್ಮನ್ನು ಕರೆಯುತ್ತಿತ್ತು. ನಮ್ಮ ಮಾರ್ಗದರ್ಶಕರೂ ನೋಡಿ, "ಇದು ಚಿತ್ರದ ಜೀವ. ಅವರು ಹೇಳಿದ್ದನ್ನು ನಿರೂಪಣೆಯಲ್ಲಿ ಎರಡು ವಾಕ್ಯದಲ್ಲಿ ಹೇಳಿದರೆ ಹೇಗೆ?" ಎಂದು ಕೇಳಿದರು. ಅವರಿಗೆ ಚಾಪೆಯ ಮೇಲಿನ ಆ ಮೌನದ ಕಥೆ ಇನ್ನೂ ಗೊತ್ತಿರಲಿಲ್ಲ.

ನಾವು ಎರಡು ದಿನ ವಾದಿಸಿದೆವು. ನಮ್ಮಲ್ಲಿಬ್ಬರ ಮಾತು ಹೀಗಿತ್ತು: "ಅವರೇ ಕ್ಯಾಮೆರಾ ಮುಂದೆ ಹೇಳಿದ್ದಾರೆ. ಒಪ್ಪಿಗೆಯ ಕಾಗದಕ್ಕೆ ಸಹಿಯನ್ನೂ ಹಾಕಿದ್ದಾರೆ. ಅದರಲ್ಲಿ ತಪ್ಪೇನು?" ಕಾಗದದ ಪ್ರಕಾರ ಅದು ಸರಿ. ಇನ್ನಿಬ್ಬರು ಹೇಳಿದರು: "ಮೂವತ್ತು ವರ್ಷದ ಗೆಳೆಯ ತಲೆ ಅಲುಗಿಸಿದ್ದನ್ನು ನೋಡಿ ಬಾಯಿ ಮುಚ್ಚಿದ. ಮೂರು ದಿನದ ಪರಿಚಯದ ನಮಗೆ ಅವನಿಗಿಂತ ಹೆಚ್ಚಿನ ಹಕ್ಕು ಎಲ್ಲಿಂದ ಬಂತು?"

ಈ ಮಾತಿಗೆ ಉತ್ತರ ಸಿಗಲಿಲ್ಲ. ಆ ಭಾಗವನ್ನು ತೆಗೆದೆವು. ಮಾರ್ಗದರ್ಶಕರಿಗೆ ನಡೆದದ್ದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ತೆಗೆಯಿರಿ, ಸರಿ ಮಾಡಿದಿರಿ" ಎಂದರು. ಈಗ ಚಿತ್ರದಲ್ಲಿ ಉಳಿದಿರುವುದು ಕಾಕಾ ಓದುವುದನ್ನು ನಿಲ್ಲಿಸುವವರೆಗಿನ ಭಾಗ. ಮುತ್ಯಾ ಹೇಳಿದ್ದು ಏನೆಂದು ಇಲ್ಲಿಯೂ ಬರೆಯುವುದಿಲ್ಲ. ನಮ್ಮ ಮನೆಯವರಿಗೂ ಹೇಳಿಲ್ಲ. ಬಹುಶಃ ನಮ್ಮ ಚಿತ್ರದಲ್ಲಿ ಇಲ್ಲದ ಆ ಎರಡು ನಿಮಿಷವೇ ನಾವು ಮಾಡಿದ ಒಳ್ಳೆಯ ಕೆಲಸ.

ಹೆಸರನ್ನೂ ಬದಲಿಸಿದೆವು. "ಗಡಿಯಾಚೆಯ ಕಣ್ಣೀರು" ಹೋಗಿ, ಆ ಹುಡುಗಿಯ ಮಾತೇ ಹೆಸರಾಯಿತು: "ಮನ್ಯಾಗ, ಬಜಾರದಾಗ".

ಧೋತರದ ಪರದೆ

ಪರೀಕ್ಷಕರಿಗೆ ತೋರಿಸಿದ ಮೇಲೆ ಚಿತ್ರವನ್ನು ಮುತ್ಯಾಗೆ ತೋರಿಸಬೇಕಲ್ಲ? ಕ್ಯಾಮೆರಾ ತಂದವರು ಬಹಳ ಜನ, ತೆಗೆದದ್ದನ್ನು ಮರಳಿ ತಂದು ತೋರಿಸಿದವರು ಯಾರೂ ಇಲ್ಲ ಎಂದು ಮುತ್ಯಾನ ಸೊಸೆ ಮೊದಲ ದಿನವೇ ಹೇಳಿದ್ದರು. ನಾವು ಬರುತ್ತೇವೆ ಎಂದು ಮಾತು ಕೊಟ್ಟಿದ್ದೆವು.

ಬೇಸಿಗೆಯ ಒಂದು ಸಂಜೆ ಪ್ರೊಜೆಕ್ಟರ್ ಹೊತ್ತು ಮತ್ತೆ ರೈಲು ಹತ್ತಿದೆವು. ಚಾಳದ ಅಂಗಳದಲ್ಲಿ ಪರದೆಗೆಂದು ಮುತ್ಯಾ ತಮ್ಮ ಒಗೆದ ಬಿಳಿ ಧೋತರವನ್ನೇ ಕೊಟ್ಟರು. ಎರಡು ಕಿಟಕಿಗಳ ನಡುವೆ ಅದನ್ನು ಕಟ್ಟಿದೆವು. ಸೊಲ್ಲಾಪುರದ ಚಾದರ ಹಾಸಿಕೊಂಡು ಸುಮಾರು ಐವತ್ತು ಜನ ಕುಳಿತರು. ಗಾಳಿ ಬೀಸಿದಾಗಲೆಲ್ಲ ಧೋತರ ಅಲುಗಿ, ಮುತ್ಯಾನ ಮುಖವೂ ಅಲುಗುತ್ತಿತ್ತು, ಮಕ್ಕಳು ನಗುತ್ತಿದ್ದರು. ಮುತ್ಯಾ ಮುಂದಿನ ಸಾಲಿನಲ್ಲಿ ಕಾಕಾನ ಪಕ್ಕ ಕುಳಿತಿದ್ದರು.

ಕಾಕಾ ಓದುವುದನ್ನು ನಿಲ್ಲಿಸುವ ದೃಶ್ಯ ಬಂತು. ಅಂಗಳ ಗಪ್ಪಾಯಿತು. ಮುಂದೇನು ಎಂದು ನೋಡಲು ಮುತ್ಯಾ ಸ್ವಲ್ಪ ಮುಂದಕ್ಕೆ ಬಾಗಿದರು. ಪರದೆಯ ಮೇಲೆ ಅಕ್ಕಲಕೋಟೆಯ ಹಾದಿ, ಜೋಳದ ಹೊಲ ಬಂತು. ಮುತ್ಯಾ ಹಿಂದಕ್ಕೆ ಒರಗಿದರು. ತಿರುಗಿ ಕತ್ತಲಲ್ಲಿ ನಮ್ಮನ್ನು ಹುಡುಕಿ ನೋಡಿದರು. ಏನೂ ಹೇಳಲಿಲ್ಲ. ಆದರೆ ಅಷ್ಟೊತ್ತಿಗೆ ನಾವೂ ದನಿಯಿಲ್ಲದ ಮಾತನ್ನು ಸ್ವಲ್ಪ ಓದಲು ಕಲಿತಿದ್ದೆವು.

ಮರುದಿನ ಹಳ್ಳಿಯ ಶಾಲೆಯಲ್ಲಿಯೂ ತೋರಿಸಿದೆವು. ತನ್ನ ಮಾತು ಬಂದಾಗ ಆ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತ್ರ ಪೂರ್ತಿ ನೋಡಿದಳು.

ನಿಮ್ಮಲ್ಲಿ ಒಂದು ಕೋರಿಕೆ

ನಾವು ಸಣ್ಣವರು, ಹಿರಿಯರಿಗೆ ಬುದ್ಧಿ ಹೇಳುವಷ್ಟು ಅನುಭವ ನಮಗಿಲ್ಲ. ಆದರೆ ಒಂದು ಮಾತು ಹೇಳಿ ಮುಗಿಸುತ್ತೇವೆ. ಇಂದು ಪ್ರತಿ ಮನೆಯಲ್ಲೂ ಕ್ಯಾಮೆರಾ ಇದೆ. ನಮ್ಮ ಕಾಲೇಜಿನ ಕ್ಯಾಮೆರಾಕ್ಕಿಂತ ನಿಮ್ಮ ಜೇಬಿನ ಫೋನೇ ಚೆನ್ನಾಗಿರಬಹುದು. ನಿಮ್ಮ ಮನೆಯಲ್ಲೂ ಒಬ್ಬ ಮುತ್ಯಾ, ಒಬ್ಬ ಅಜ್ಜಿ ಇರಬಹುದು. ಅವರು ಬಿಟ್ಟು ಬಂದ ಹಳ್ಳಿ, ಮೊದಲ ಪಗಾರ, ಮನೆಯಲ್ಲಿ ಆಡುತ್ತಿದ್ದ ಮಾತು, ಬಜಾರಿನಲ್ಲಿ ಕಲಿತ ಮಾತು, ಇವೆಲ್ಲ ಅವರೊಂದಿಗೇ ಹೊರಟುಹೋಗುವ ಮೊದಲು ಒಂದು ಸಂಜೆ ಅವರ ಪಕ್ಕ ಕುಳಿತುಕೊಳ್ಳಿ. ಮಕ್ಕಳನ್ನೂ ಕೂರಿಸಿ. ಏನು ಹೇಳಬೇಕೆಂದು ನೀವೇ ಮೊದಲು ಬರೆದುಕೊಂಡು ಹೋಗಬೇಡಿ. ಅವರು ಹೇಳಲಿ.

ದನಿ ಬರುತ್ತಿದೆಯೇ ಎಂದು ಮೊದಲ ನಿಮಿಷದಲ್ಲೇ ನೋಡಿಕೊಳ್ಳಿ. ಮುಗಿದ ಮೇಲೆ ಅವರಿಗೇ ಮೊದಲು ತೋರಿಸಿ. "ಇಷ್ಟು ಇರಲಿ, ಇದು ಮಂದಿಗೆ ಬೇಡ" ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಎಲ್ಲವನ್ನೂ ಎಲ್ಲರಿಗೂ ಕಳಿಸುವ ಈ ಕಾಲದಲ್ಲಿ, ಕೇಳಿದ್ದನ್ನು ಎದೆಯಲ್ಲೇ ಇಟ್ಟುಕೊಳ್ಳುವವರೂ ಮನೆಗೊಬ್ಬರು ಬೇಕು.

ಮೊನ್ನೆ ಮುತ್ಯಾ ಫೋನ್ ಮಾಡಿದ್ದರು. ಧೋತರಕ್ಕೆ ನಾವು ಕಟ್ಟಿದ ಗಂಟು ಇನ್ನೂ ಬಿಚ್ಚಲು ಬಂದಿಲ್ಲವಂತೆ. "ಬಂದು ಬಿಚ್ಚಿ ಕೊಟ್ಟು ಹೋಗ್ರಿ" ಎಂದರು. ಹೋಗಬೇಕು.